ಅವರು ಜೋಡಿಸಿದ ಕಂಪ್ಯೂಟರು

ರೆಡಿಮೇಡ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಯಜಮಾನರ ಮುಖ ಹುಳ್ಳಗಾಗುತ್ತಿತ್ತು. ಪುರಸೈವಾಕ್ಕಂಗೆ ಹೋಗಿ ನಾಲ್ಕು ಅಂಗಡಿ ಹತ್ತಿ ಇಳಿದು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಹೊಲಿಸಿಯೇ ಅಂಗಿ ಹಾಕುವ ಮನುಷ್ಯ. ಮಿಕ್ಸಿ ಕೆಟ್ಟರೆ ತಾವೇ ಬಿಚ್ಚಬೇಕು, ಇಸ್ತ್ರಿಪೆಟ್ಟಿಗೆ ಕೆಟ್ಟರೆ ತಾವೇ ಬಿಚ್ಚಬೇಕು. ಅಕ್ಕಪಕ್ಕದ ಮನೆಯವರು ಕೆಟ್ಟ ಫ್ಯಾನು, ಗ್ರೈಂಡರು ಹೊತ್ತುಕೊಂಡು ಬಂದು ನಮ್ಮ ಬಾಗಿಲಲ್ಲಿ "ಸಾರ್ ಇದ್ದಾರಾ?" ಎಂದು ನಿಲ್ಲುತ್ತಿದ್ದರು. ತಾಂಬರಂನ ರೈಲ್ವೆ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ರೈಲು ರಿಪೇರಿ ಮಾಡುವುದು ಅವರ ಉದ್ಯೋಗ. ಹಾಗಾಗಿ ನನಗೊಂದು ಕಂಪ್ಯೂಟರ್ ಬೇಕು ಎಂದಾಗ ಅವರು ಹೇಳಿದ ಮೊದಲ ಮಾತೇ, "ಅಷ್ಟು ದೊಡ್ಡ ರೈಲನ್ನ ಬಿಚ್ಚಿ ಜೋಡಿಸ್ತೀವಿ ಕಣೇ, ಇದ್ಯಾವ ಮಹಾ?"

ಅವರಿಗೆ ಅದು ಯಾವ ಮಹಾ. ನನಗೆ ಅದು ಪ್ರಾಣ.

ಯಾಕೆಂದು ಹೇಳುತ್ತೇನೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯವನ್ನು ಬಾಯಲ್ಲಿ ಹೇಳಿ ರೆಕಾರ್ಡು ಮಾಡಿ ಕಳಿಸುತ್ತಿದ್ದರು, ಅದನ್ನು ಕೇಳಿ ಟೈಪು ಮಾಡಿಕೊಡುವ ಆಫೀಸುಗಳು ಚೆನ್ನೈ ತುಂಬ ಆಗ ಎದ್ದಿದ್ದವು. ನಾನು ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಎರಡು ವರ್ಷ ಆ ಕೆಲಸ ಮಾಡಿದೆ. ತುಮಕೂರಿನ ಹತ್ತಿರದ ಊರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು, ಮದುವೆಯಾಗಿ ಹದಿಮೂರು ವರ್ಷ ಸೌಟು ಹಿಡಿದವಳು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಾಲಲ್ಲಿ ದನಿ ಓಡಿಸುವ ಪೆಡಲ್ ಒತ್ತುತ್ತಾ ಗುಂಡಿಗೆಯ ಆಪರೇಷನ್ನಿನ ವಿವರ ಬರೆಯುತ್ತಿದ್ದೆ. ಒಬ್ಬ ಡಾಕ್ಟರು ಯಾವಾಗಲೂ ಏನೋ ಅಗಿಯುತ್ತಲೇ ಮಾತಾಡುತ್ತಿದ್ದ. ಆ ಪುಣ್ಯಾತ್ಮನ ಫೈಲು ಬಂದರೆ ಇಡೀ ಆಫೀಸಿನಲ್ಲಿ ನನ್ನನ್ನೇ ಕರೆಯುತ್ತಿದ್ದರು. ಒಂದು ಸಲ ಅವನು ಮೊದಲು ಎಡಗಾಲು ಎಂದು, ಆಮೇಲೆ ಬಲಗಾಲು ಎಂದು ಹೇಳಿದ್ದನ್ನು ನಾನೇ ಹಿಡಿದೆ. ಅಂದು ನಮ್ಮ ವಿಭಾಗ ನೋಡಿಕೊಳ್ಳುವ ಮೇಡಂ ಎಲ್ಲರೆದುರು ನನ್ನ ಭುಜ ತಟ್ಟಿದ್ದರು. ಮನೆಗೆ ಬರುವ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದರೂ ಅವತ್ತು ಕಾಲು ನೋಯಲಿಲ್ಲ.

ಆಮೇಲೆ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ಪೂರ್ತಿ ಹೋಗಲಿಲ್ಲ. ಒಂದೊಂದೇ ಪದವನ್ನು ಎಳೆದು ಎಳೆದು ಹೇಳುತ್ತಿದ್ದರು, ಕೂತು ಕೇಳಿದರೆ ಅರ್ಥವಾಗುತ್ತಿತ್ತು. ಹಾಲಿನಲ್ಲೇ ಮಂಚ ಹಾಕಿದೆವು. ನೋಡಿಕೊಳ್ಳಲು ಇಟ್ಟ ಹೆಂಗಸರು ಇಬ್ಬರು ಬಂದರು, ಇಬ್ಬರೂ ವಾರ ತುಂಬುವ ಮೊದಲೇ ಹೋದರು. ನಾನು ಕೆಲಸ ಬಿಟ್ಟೆ. ಬಿಟ್ಟ ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೊರಗೆ ಬಂದು ಅತ್ತೆಯ ಬಟ್ಟೆ ಬದಲಾಯಿಸಿದೆ.

ಮೇಡಂ ಒಳ್ಳೆಯವರು. ಅವರೇ ಫೋನು ಮಾಡಿ ಹೇಳಿದರು, ಮನೆಯಿಂದಲೇ ಕೆಲಸ ಮಾಡುವ ಹೊಸ ಏರ್ಪಾಡು ಶುರುವಾಗುತ್ತಿದೆ, ನಿನ್ನ ಹೆಸರು ಹಾಕಿದ್ದೇನೆ. ಸ್ವಂತ ಕಂಪ್ಯೂಟರ್ ಇರಬೇಕು, ಫೋನ್ ಲೈನು ಇರಬೇಕು. ಎರಡು ವಾರ ಪರೀಕ್ಷೆ ಇರುತ್ತದೆ. ಕೊಟ್ಟ ಫೈಲು ಕೊಟ್ಟ ಹೊತ್ತಿಗೆ ವಾಪಸು ಬಂದರೆ ಕೆಲಸ ಖಾಯಂ. ಗಣೇಶನ ಹಬ್ಬ ಕಳೆದ ಮೇಲಿನ ಸೋಮವಾರ ಶುರು ಮಾಡು ಎಂದರು. ರಿಸೀವರ್ ಇಟ್ಟವಳು ಅಡುಗೆಮನೆಗೆ ಹೋಗಿ ಸುಮ್ಮನೆ ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡೆ.

ಜಗಳ ಶುರುವಾಗಿದ್ದು ಅಂದು ಸಂಜೆ. ನನ್ನ ವಾದ ಇಷ್ಟೇ: ಕಂಪನಿಯ ಕಂಪ್ಯೂಟರ್ ತಂದರೆ ಪೆಟ್ಟಿಗೆ ಬಿಚ್ಚಿ, ವೈರು ಸಿಕ್ಕಿಸಿ, ಅದೇ ದಿನ ಕೂತುಬಿಡಬಹುದು. ಕೆಟ್ಟರೆ ಒಂದು ಫೋನು ಮಾಡಿದರೆ ಅವರ ಕಡೆಯವನು ಬರುತ್ತಾನೆ.

"ಅದರೊಳಗೆ ಏನು ತುಂಬಿದಾರೆ ಅಂತ ನೋಡಿದೀಯಾ?" ಎಂದರು ಇವರು. "ಸೀಲ್ ಹಾಕಿರ್ತಾರೆ. ಸೀಲ್ ಯಾಕೆ ಹಾಕ್ತಾರೆ ಹೇಳು? ಒಳಗಿರೋದು ಕಚಡಾ ಅಂತ. ನಾವೇ ಕಟ್ಟಿದ್ರೆ ಒಂದೊಂದು ಸಾಮಾನೂ ಕೈಯಲ್ಲಿ ಹಿಡಿದು ಆರಿಸ್ಕೊಂಡಿದ್ದು. ನಾಳೆ ಏನಾದ್ರೂ ಹೋಯ್ತಾ, ಅದೊಂದನ್ನೇ ಬದಲಾಯ್ಸಿದ್ರೆ ಆಯ್ತು."

"ಹೆಣ್ಣು ನೋಡೋಕೆ ಬಂದಾಗ ಇಷ್ಟೆಲ್ಲಾ ವಿಚಾರ ಮಾಡಿದ್ರಾ?"

"ಅದೇ ಅಲ್ವಾ ನಾನು ಮಾಡಿದ ತಪ್ಪು. ರೆಡಿಮೇಡ್ ತಂದ್ಬಿಟ್ಟೆ."

ಮಂಚದ ಮೇಲೆ ಅತ್ತೆ ಅರ್ಧ ಬಾಯಲ್ಲಿ ನಕ್ಕರು. ನನಗೂ ನಗು ಬಂತು. ನಕ್ಕಿದ್ದೇ ಒಪ್ಪಿಗೆ ಎಂದುಕೊಂಡು ಅವರು ಮುಂದಿನ ಭಾನುವಾರವೇ ಹೊರಟರು. ಎರಡಕ್ಕೂ ಬೆಲೆಯಲ್ಲಿ ವ್ಯತ್ಯಾಸವಿತ್ತು, ಆದರೆ ಮನೆ ಮುಳುಗುವಷ್ಟೇನಲ್ಲ. ಅವರಿಗೆ ಬೇಕಾಗಿದ್ದು ಉಳಿತಾಯವಲ್ಲ. ನನ್ನ ಕೆಲಸದಲ್ಲಿ ತಮ್ಮ ಕೈಯೂ ಇರಬೇಕು ಎಂಬ ಆಸೆ. ಈಗ ಅದು ಅರ್ಥವಾಗುತ್ತದೆ. ಆಗ ಬರೀ ಮೊಂಡುತನ ಕಾಣುತ್ತಿತ್ತು.

ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು ರಿಚ್ಚಿ ಸ್ಟ್ರೀಟಿಗೆ ಹೋಗಬೇಕು. ಎರಡು ಆಳು ಒಟ್ಟಿಗೆ ನಡೆಯಲಾಗದ ಗಲ್ಲಿ, ಮಹಡಿಯ ಮೇಲೆ ಮಹಡಿ ಅಂಗಡಿ. ಮೊದಲ ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಮಗಳನ್ನು ಅತ್ತೆಯ ಹತ್ತಿರ ಬಿಟ್ಟು. ಒಂದು ಅಂಗಡಿಯಲ್ಲಿ ಪ್ರೊಸೆಸರು, ಇನ್ನೊಂದರಲ್ಲಿ ಮದರ್‌ಬೋರ್ಡು, ಮೂರನೆಯದರಲ್ಲಿ ಹಾರ್ಡ್‌ಡಿಸ್ಕು. ಮನುಷ್ಯನ ಮೈಯನ್ನು ಬಿಡಿಬಿಡಿಯಾಗಿ ಮಾರುವ ಹಾಗೆ ನನಗೆ ಕಂಡಿತು. "ಬಿಲ್ಲು ವೇಣುಮಾ ಸಾರ್?" ಎಂದು ಪ್ರತಿ ಅಂಗಡಿಯವನೂ ಕೇಳಿದ, ಬಿಲ್ಲು ಬೇಡವೆಂದರೆ ಬೆಲೆ ಇಳಿಯುತ್ತದೆ. ಇವರು "ವೇಂಡಾಂ" ಎಂದರು. ನಾನು ಸೆರಗಿನ ಮರೆಯಲ್ಲಿ ಅವರ ಅಂಗಿ ಜಗ್ಗಿದೆ. ಬಿಲ್ಲಿಲ್ಲದಿದ್ದರೆ ಕೆಟ್ಟಾಗ ಯಾರ ಮುಖ ನೋಡುವುದು? "ಕೆಡಲ್ಲ, ಸುಮ್ನಿರೇ" ಎಂದರು.

ಹಾಲಿನ ನೆಲದ ಮೇಲೆ ಹಳೆಯ ಪೇಪರು ಹಾಸಿ ಎಲ್ಲವನ್ನೂ ಹರಡಿದರು. ಅತ್ತೆ ಮಂಚದಿಂದ ಕಣ್ಣು ಕೀಳದೆ ನೋಡುತ್ತಿದ್ದರು. ಏಳನೇ ಕ್ಲಾಸಿನ ಮಗಳು ಹತ್ತು ನಿಮಿಷಕ್ಕೊಮ್ಮೆ "ಎಪ್ಪೋಪ್ಪಾ ಮುಡಿಯುಂ?" ಎನ್ನುತ್ತಿದ್ದಳು, ಯಾವಾಗ ಮುಗಿಯುತ್ತದೆ ಅಂತ. ಕನ್ನಡದಲ್ಲಿ ಕೇಳೇ ಎಂದು ಅವಳಿಗೆ ನಾನು ಗದರಿದೆ, ಕೇಳಬೇಕಾಗಿದ್ದ ಪ್ರಶ್ನೆಯಂತೂ ಅದೇ ಆಗಿತ್ತು. ಕ್ಯಾಬಿನೆಟ್ಟಿನ ಅಂಚು ತಗುಲಿ ಇವರ ಹೆಬ್ಬೆರಳು ಕೊಯ್ದು ರಕ್ತ ಬಂತು. ಅರಿಸಿನ ಒತ್ತಿಕೊಂಡು ಮತ್ತೆ ಕೂತರು. ಒಂದು ಸಣ್ಣ ಸಿರಿಂಜಿನಿಂದ ಬೆಳ್ಳಗಿನ ಮುಲಾಮು ತೆಗೆದು ಪ್ರೊಸೆಸರಿನ ನೆತ್ತಿಗೆ ಸವರಿದಾಗ, "ಇದೇನ್ರೀ?" ಎಂದೆ.

"ವಿಭೂತಿ," ಎಂದರು ನಗುತ್ತಾ. "ಇದಕ್ಕೂ ಹಚ್ಚಬೇಕು. ಇಲ್ದಿದ್ರೆ ತಲೆ ಬಿಸಿಯಾಗುತ್ತೆ."

ಅತ್ತೆಗೆ ಅದು ಬಹಳ ಹಿಡಿಸಿತು. ಎಡಗೈ ಎತ್ತಿ ಮುಗಿದರು.

ಸ್ವಿಚ್ಚು ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಕುಂಯ್ ಕುಂಯ್ ಎಂದು ಮೂರು ಸಲ ಕೂಗಿ ಸುಮ್ಮನಾಯಿತು. ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. ಮೆಮೊರಿ ಈ ಬೋರ್ಡಿಗೆ ಹೊಂದುವುದಿಲ್ಲವೆಂದು ಅಂಗಡಿಯವನು ಹೇಳಿದನಂತೆ. ಬದಲಾಯಿಸಿಕೊಡುವಷ್ಟರಲ್ಲಿ ಗಣೇಶನ ಹಬ್ಬ ಕಳೆಯಿತು, ಸೋಮವಾರವೂ ಕಳೆಯಿತು. ನಾನು ಮೇಡಂಗೆ ಫೋನು ಮಾಡಿ ಸುಳ್ಳು ಹೇಳಿದೆ, ಅತ್ತೆಗೆ ಹುಷಾರಿಲ್ಲ ಎಂದು. ಇನ್ನೆರಡು ವಾರ ಕೊಟ್ಟರು. ಆ ಎರಡು ವಾರದಲ್ಲಿ ಪವರ್ ಸಪ್ಲೈ ಸುಟ್ಟಿತು. ಮತ್ತೆ ರಿಚ್ಚಿ ಸ್ಟ್ರೀಟು. ಇವರು ಡ್ಯೂಟಿ ಮುಗಿಸಿ, ಊಟ ಬಿಟ್ಟು, ರೈಲು ಹತ್ತಿ ಹೋಗಿ ಬರುತ್ತಿದ್ದರು. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಅಯ್ಯೋ ಪಾಪ ಎನ್ನಿಸಬೇಕಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು.

"ನಿಮಗೆ ಇದು ಆಟ," ಎಂದು ಕೂಗಾಡಿದೆ ಒಂದು ದಿನ. "ನನಗೆ ಇರೋದು ಇದೊಂದೇ ಬಾಗಿಲು. ಅದನ್ನೂ ಬಿಚ್ಚಿ ನೆಲದ ಮೇಲೆ ಹರಡಿದೀರಲ್ಲ! ಈ ಕೆಲಸ ಹೋದ್ರೆ ನಾನು ಸಾಯೋವರೆಗೂ ಈ ಮನೇಲಿ ಗಂಜಿ ಕಾಯಿಸ್ತಾ ಮಲ ಬಾಚ್ತಾ ಬಿದ್ದಿರ್ಬೇಕು. ಗೊತ್ತಾಗುತ್ತಾ ನಿಮಗೆ?"

ಅತ್ತೆ ಅಲ್ಲೇ ಇದ್ದರು. ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ನನ್ನ ಬಾಯೇ ಹಾಗೆ, ಹೊರಡುವಾಗ ಯಾರಿದ್ದಾರೆ ಎಂದು ನೋಡುವುದಿಲ್ಲ. ಎರಡನೇ ಸಲ ಫೋನು ಮಾಡಿದಾಗ ಮೇಡಂ "ಮೂರನೇ ಸಲ ಕೇಳ್ಬೇಡಮ್ಮಾ, ನನ್ನ ಕೈಯಲ್ಲಿಲ್ಲ" ಎಂದು ತಮಿಳಿನಲ್ಲಿ ಹೇಳಿ, ಹೊಸ ದಿನ ಕೊಟ್ಟರು. ವಿಜಯದಶಮಿ. ಅಮೆರಿಕದವರಿಗೆ ಅಂದು ರಜೆಯೇ? ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಫೈಲು, ಸಂಜೆ ಐದಕ್ಕೆ ವಾಪಸು ಕಳಿಸಬೇಕು. ಏನಾದರೂ ಶುರು ಮಾಡಲು ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ.

ಆಯುಧಪೂಜೆಗೆ ಮೂರು ದಿನವಿರುವಾಗ ಅದು ಎದ್ದಿತು. ನಿಜವಾಗಿಯೂ ಎದ್ದಿತು. ಪರದೆ ನೀಲಿಯಾಯಿತು, ಅಕ್ಷರ ಬಂತು, ಫೋನ್ ಲೈನಿಗೆ ಸಿಕ್ಕಿಸಿದ ಮೋಡೆಂ ಕಿರುಚಿ ಕಿರುಚಿ ಆಫೀಸಿನ ಕಂಪ್ಯೂಟರನ್ನು ಮುಟ್ಟಿತು. ಪೆಡಲ್ ಒತ್ತಿದರೆ ದನಿ ಓಡಿತು, ಬಿಟ್ಟರೆ ನಿಂತಿತು. ಇವರು ನೆಲದ ಮೇಲೆ ಹಾಗೇ ಕಾಲು ಚಾಚಿ ಮಲಗಿಬಿಟ್ಟರು. "ಏನಂದೆ? ಕಚಡಾ ಅಂದ್ಯಲ್ಲ, ನೋಡೀಗ," ಎಂದರು. ಕಚಡಾ ಎಂದವರು ಅವರೇ, ನಾನಲ್ಲ. ಆದರೂ ಅಂದು ಅವರಿಗೆ ಕಾಫಿ ಕೊಡುವಾಗ ನನಗೆ ತುಂಬ ಪ್ರೀತಿ ಬಂತು. ಸೆಕೆಗೆ ಬಿಸಿಯಾಗಬಾರದೆಂದು ಪಕ್ಕದ ತಗಡು ಮುಚ್ಚದೆ, ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿ ಇಟ್ಟರು. ಆಗೆಲ್ಲ ಮನೆಯಲ್ಲಿ ಜೋಡಿಸಿದ ಕಂಪ್ಯೂಟರುಗಳು ಹೀಗೆ ಹೊಟ್ಟೆ ತೆರೆದುಕೊಂಡೇ ಇರುತ್ತಿದ್ದವು.

ಆಯುಧಪೂಜೆಯ ದಿನ ಇವರು ಶೆಡ್ಡಿನ ಪೂಜೆಯಲ್ಲಿದ್ದರು. ಮನೆಯಲ್ಲಿ ನಾನು ಮಾನಿಟರಿನ ಮೇಲೆ ಹೂವು ಇಟ್ಟು ಕೈ ಮುಗಿದೆ, ಅಷ್ಟೇ. ಅಂದು ಆಯುಧಗಳನ್ನು ಬಳಸುವ ಹಾಗಿಲ್ಲವಲ್ಲ. ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ಪೂಜೆ ಮಾಡಿ ಕೈಗೆತ್ತಿಕೊಳ್ಳಬೇಕು. ವಿಜಯದಶಮಿಯ ದಿನ ಇವರು ಐದು ಗಂಟೆಗೇ ಡ್ಯೂಟಿಗೆ ಹೋದರು. ಮಗಳು ಎದುರುಮನೆಯ ಬೊಂಬೆ ನೋಡಲು ಹೋದಳು. ನಾನು ತಲೆಗೆ ಸ್ನಾನ ಮಾಡಿ, ಅತ್ತೆಯ ಇಷ್ಟಲಿಂಗದ ಪೂಜೆಗೆ ಕೈ ಹಿಡಿದು ಸಹಾಯ ಮಾಡಿ, ಅವರ ಹಣೆಗೆ ವಿಭೂತಿ ಇಟ್ಟೆ. ಗಂಟೆ ಎಂಟೂವರೆ.

ಅತ್ತೆ ಎಡಗೈ ಎತ್ತಿ ಕಂಪ್ಯೂಟರನ್ನು ತೋರಿಸಿದರು. "ಅದಕ್ಕೆ... ಹಚ್ಚು."

ನಾನು ಮಾನಿಟರಿಗೆ ಮೂರು ಬೆರಳು ಎಳೆದೆ. ಅತ್ತೆ ಹಾಗಲ್ಲ ಎಂದು ತಲೆ ಆಡಿಸಿದರು. "ಮೈಗೆ... ತಾಗ್ಬೇಕು. ಬೀರು... ಬಾಗ್ಲಿಗೆ ಇಟ್ರೆ... ಒಡವೆಗೆ ಇಟ್ಟಂಗಾ?"

ನಮ್ಮ ಮನೆಗಳಲ್ಲಿ ಅದು ಪದ್ಧತಿ. ಕುಡುಗೋಲಿನ ಹಿಡಿಗೆ ಅಲ್ಲ, ಕಬ್ಬಿಣಕ್ಕೇ ವಿಭೂತಿ. ಹೊಲಿಗೆ ಯಂತ್ರದ ಮುಚ್ಚಳಕ್ಕೆ ಅಲ್ಲ, ಸೂಜಿ ಹಿಡಿಯುವ ಮೂತಿಗೇ. ಅವರು ಹೇಳಿದ್ದು ನನಗೆ ಸರಿಯಾಗಿಯೇ ಕಂಡಿತು. ಇವರೇ ಹಚ್ಚಿದ್ದರಲ್ಲ ಅದರ ತಲೆಗೆ, ಬೆಳ್ಳಗೆ? ನಾನೇನು ದಡ್ಡಿಯಲ್ಲ, ಅದು ಬೇರೆ, ಇದು ಬೇರೆ ಎಂದು ತಿಳಿದಿತ್ತು. ಆದರೆ ಎರಡು ಸಲ ದಿನ ತಪ್ಪಿತ್ತು. ಮನಸ್ಸಿನಲ್ಲಿ ಭಯ ಕೂತಿತ್ತು. ದೇವರೇ, ಇದೊಂದು ನಡೆಸಿಕೊಡು ಎಂದು ವಿಭೂತಿ ಗಟ್ಟಿಯನ್ನು ನೀರಲ್ಲಿ ಚೆನ್ನಾಗಿ ಅದ್ದಿ, ಅಂಗೈಯಲ್ಲಿ ಕಲಸಿ, ತೆರೆದ ಹೊಟ್ಟೆಯೊಳಗೆ ಕೈ ಹಾಕಿ ಆ ಹಸಿರು ಬೋರ್ಡಿನ ಮೇಲೆ ಮೂರು ಬೆರಳು ಎಳೆದೆ. ನೆಟ್ಟಗೆ ನಿಂತಿದ್ದ ಮೆಮೊರಿ ಪಟ್ಟಿಗಳಿಗೂ ಎಳೆದೆ. ಬೆರಳ ತುದಿಯಿಂದ ನೀರು ಸಂದಿಗೆ ಇಳಿದದ್ದು ಕಂಡಿತು. ಫ್ಯಾನಿದೆ, ಒಣಗುತ್ತದೆ ಎಂದುಕೊಂಡೆ. ಕಣ್ಣು ಮುಚ್ಚಿ ಶಿವಶಿವಾ ಎಂದು ಸ್ವಿಚ್ಚು ಒತ್ತಿದೆ.

ಚಟ್ ಎಂದಿತು. ರಬ್ಬರು ಸುಟ್ಟ ವಾಸನೆ ಬಂತು. ಅಷ್ಟೇ.

ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಆಗ ನಾನು ಮಾಡಿದ್ದನ್ನು ಯೋಚಿಸಿದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಪ್ಲಗ್ಗು ಕಿತ್ತು, ಸೆರಗಿನಿಂದ ಬೋರ್ಡನ್ನೆಲ್ಲ ಒರೆಸಿದೆ. ಸಂದಿಯಲ್ಲಿ ಕೂತಿದ್ದ ಬಿಳಿಯನ್ನು ಹೇರ್‌ಪಿನ್ನಿನಿಂದ ಕೆರೆದು ತೆಗೆದೆ. ಒಂದು ಚೂರೂ ಉಳಿಯದ ಹಾಗೆ, ಕಣ್ಣು ಹತ್ತಿರ ಇಟ್ಟು ನೋಡಿ ನೋಡಿ ತೆಗೆದೆ. ಸೀರೆ ಬಚ್ಚಲಲ್ಲಿ ನೆನೆಹಾಕಿ ಬೇರೆ ಉಟ್ಟು ಬಂದೆ. ತಿರುಗಿದರೆ ಅತ್ತೆ ನೋಡುತ್ತಿದ್ದರು. ಎಲ್ಲವನ್ನೂ ನೋಡಿದ್ದರು. "ಮಗಂಗೆ... ಫೋನ್..." ಎಂದರು.

ನಾನು ಮಂಚದ ಹತ್ತಿರ ಹೋಗಿ ಬಗ್ಗಿ ಹೇಳಿದೆ. "ಅತ್ತೆ, ಇದು ಅವರಿಗೆ ಗೊತ್ತಾಗಕೂಡದು. ನಿಮ್ಮ ಬಾಯಿಂದ ಹೊರಗೆ ಬಂತೋ, ನಾಳೆಯಿಂದ ನಿಮ್ಮನ್ನ ಎತ್ತೋರು ಇಳಿಸೋರು ಯಾರು ಅಂತ ನೀವೇ ನೋಡ್ಕೊಳಿ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ನಿಧಾನವಾಗಿ, ಒಂದೊಂದು ಪದವೂ ಅರ್ಥವಾಗುವ ಹಾಗೆ ಹೇಳಿದ್ದೆ.

ಆಮೇಲೆ ಮೇಡಂಗೆ ಫೋನು ಮಾಡಿದೆ. ವಿಭೂತಿ ಹಚ್ಚಿದೆ ಎಂದರೆ ಆಫೀಸಿನವರೆಲ್ಲ ನಕ್ಕು, ಹಳ್ಳಿಗಮಾರಿ ಎಂದು ನನ್ನ ಹೆಸರು ಹೊಡೆದುಹಾಕುತ್ತಾರೆ. ಕಂಪ್ಯೂಟರಿನದೇ ತಪ್ಪು ಎಂದರೆ ಇನ್ನೊಂದು ದಾರಿ ಇರಬಹುದು. ಅಷ್ಟು ಲೆಕ್ಕ ಆ ಗಾಬರಿಯಲ್ಲೂ ನನಗೆ ಹೊಳೆಯಿತು.

"ಕಂಪನೀದಾ, ಅಸೆಂಬಲ್ ಮಾಡಿದ್ದಾ?" ಎಂದು ಕೇಳಿದರು ಮೇಡಂ.

"ಅಸೆಂಬಲ್ ಮಾಡಿದ್ದು ಮೇಡಂ. ನಮ್ಮ ಯಜಮಾನರು ಜೋಡಿಸಿದ್ದು. ಅವರಿಗೆ ಸರಿಯಾಗಿ ಬರಲಿಲ್ಲ."

ಮೇಡಂ ನಿಟ್ಟುಸಿರು ಬಿಟ್ಟರು. ಫೈಲು ಬೇರೆಯವರಿಗೆ ಹೋಯಿತು. ಮನೆಯಿಂದ ಮಾಡುವವರ ಪಟ್ಟಿಯಿಂದ ನನ್ನ ಹೆಸರೂ ಹೋಯಿತು. ಆದರೆ ಆಫೀಸಿನಲ್ಲಿ ಹಗಲಿನ ಒಂದು ಸೀಟು ಖಾಲಿಯಾಗುತ್ತಿದೆ, ಬರುವ ಹಾಗಿದ್ದರೆ ಸೋಮವಾರದೊಳಗೆ ಹೇಳು ಎಂದರು. ಬರುವುದು ಹೇಗೆ? ಫೋನು ಇಟ್ಟು ನೆಲದ ಮೇಲೆ ಕುಸಿದು ಕೂತೆ. ಅತ್ತೆಗೆ ಹತ್ತೂವರೆಗೆ ಕೊಡಬೇಕಾದ ಗಂಜಿಯನ್ನು ಅಂದು ಹನ್ನೆರಡಕ್ಕೆ ಕೊಟ್ಟೆ. ಅವರು ಕೇಳಲಿಲ್ಲ.

ಮಧ್ಯಾಹ್ನ ಇವರು ಬಂದರು, ಕೈಯಲ್ಲಿ ಶೆಡ್ಡಿನ ಪೂಜೆಯ ಪುರಿ, ಸಿಹಿಯ ಪೊಟ್ಟಣ. ಬಾಗಿಲಲ್ಲೇ "ಹೆಂಗೆ? ಓಡ್ತಾ?" ಎಂದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬಡ್ಕೊಂಡೆ ರೆಡಿಮೇಡ್ ತನ್ನಿ ಅಂತ, ನಿಮ್ಮ ಕೈಗೆ ಬೆಂಕಿ ಬೀಳ, ನನ್ನ ಬದುಕು ಸುಟ್ರಿ ಎಂದೆ. ಪೊಟ್ಟಣ ಕೈಯಲ್ಲಿ ಹಿಡಿದೇ ನಿಂತಿದ್ದರು. ಆಮೇಲೆ ಸ್ಕ್ರೂಡ್ರೈವರ್ ತಂದು ಕೂತು, ಬೋರ್ಡನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಕಡೆ ಕಪ್ಪಗೆ ಸುಟ್ಟಿತ್ತು. "ನಾನೇ ಎಲ್ಲೋ ಸ್ಕ್ರೂ ಜಾಸ್ತಿ ಬಿಗಿ ಮಾಡಿದೀನಿ, ಶಾರ್ಟ್ ಆಗಿದೆ," ಎಂದರು ತಮ್ಮಷ್ಟಕ್ಕೆ.

"ಮಗಾ..." ಎಂದರು ಅತ್ತೆ ಮಂಚದಿಂದ.

ನಾನು ನೀರಿನ ಲೋಟ ಹಿಡಿದು ಹೋಗಿ ಅವರ ತಲೆಯ ಕೆಳಗೆ ಕೈ ಕೊಟ್ಟು ಎತ್ತಿದೆ. ಅವರು ನನ್ನ ಮುಖ ನೋಡಿದರು. ನೀರು ಕುಡಿದರು. ಮತ್ತೆ ಮಾತಾಡಲಿಲ್ಲ.

ಮಾರನೆಯ ದಿನ ಇವರು ಶೆಡ್ಡಿಗೆ ಹೋಗಿ ರಾತ್ರಿ ಪಾಳಿ ಬರೆಸಿಕೊಂಡು ಬಂದರು. ಒಂದು ವಾರಕ್ಕಲ್ಲ, ಖಾಯಂ. ರಾತ್ರಿ ಪಾಳಿಯನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ, ಜೊತೆಯವರು ಇವರಿಗೆ ಕೈ ಮುಗಿದಿರಬೇಕು. "ಬೆಳಿಗ್ಗೆ ಏಳಕ್ಕೆ ಬಂದ್ಬಿಡ್ತೀನಿ. ನೀನು ಎಂಟಕ್ಕೆ ಹೊರಡು. ಅವ್ವನ್ನ ಹಗಲು ನಾನು ನೋಡ್ಕೊತೀನಿ," ಎಂದರು. "ನಿದ್ದೆ?" ಎಂದೆ. "ಆಗುತ್ತೆ ಬಿಡು. ಕೆಡಿಸಿದೋನು ನಾನು, ಸರಿ ಮಾಡ್ಬೇಕಾದೋನೂ ನಾನೇ." ಅಲ್ಲಿ, ಆ ಕ್ಷಣದಲ್ಲಿ ಹೇಳಬೇಕಿತ್ತು. ಹೇಳಿದರೆ ಪಾಳಿ ವಾಪಸು ಬರೆಸಿಬಿಟ್ಟರೆ? ಸೋಮವಾರದ ಸೀಟು ಕಣ್ಣ ಮುಂದೆ ಇತ್ತು. ನಾನು ನುಂಗಿಕೊಂಡೆ.

ಐದು ವರ್ಷ. ಐದು ವರ್ಷ ಅವರು ತಾಯಿಯ ಮಂಚದ ಪಕ್ಕ ಚಾಪೆ ಹಾಸಿಕೊಂಡು, ಅರ್ಧ ಗಂಟೆ, ಮುಕ್ಕಾಲು ಗಂಟೆ, ಹೀಗೆ ತುಂಡು ತುಂಡಾಗಿ ಹಗಲು ಮಲಗಿದರು. ಸಕ್ಕರೆ ಕಾಯಿಲೆ ಬಂತು. ಕಣ್ಣಿನ ಕೆಳಗೆ ಚೀಲ ಬಂತು. ನಾನು ನುಂಗಂಬಾಕ್ಕಂನಲ್ಲಿ ಮೇಲೆ ಮೇಲೆ ಹೋದೆ, ಕೊನೆಗೆ ಬೇರೆಯವರ ಫೈಲು ತಿದ್ದುವವಳಾದೆ. ಮನೆಗೆ ಒಂದು ಕಂಪನಿ ಕಂಪ್ಯೂಟರೂ ಬಂತು, ಸೀಲ್ ಹಾಕಿದ್ದು. ಅದರ ಮೇಲಿನ ಧೂಳನ್ನೂ ಇವರು ಒರೆಸಲಿಲ್ಲ. ಮೆಮೊರಿ ಹಾಕಿಸಬೇಕಾದಾಗ ಕಂಪನಿಯವನಿಗೆ ಫೋನು ಮಾಡಿ, ಅವನು ಬಿಚ್ಚುವಾಗ ಎದ್ದು ಹೊರಗೆ ಹೋಗಿ ನಿಂತರು. ಪಕ್ಕದ ಮನೆಯವರು ಗ್ರೈಂಡರು ತಂದರೆ "ನನ್ನ ಕೈ ಸರಿಯಿಲ್ಲ ಈಗ, ಅಂಗಡಿಗೆ ಕೊಡಿ" ಎನ್ನುತ್ತಿದ್ದರು. ಕ್ರಮೇಣ ಯಾರೂ ತರಲಿಲ್ಲ.

ಅತ್ತೆ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಸಂಜೆ ನಾನು ಬಾಗಿಲು ದಾಟಿದ ಕೂಡಲೇ ಅವರ ಕಣ್ಣು ನನ್ನ ಮುಖಕ್ಕೆ ಬರುತ್ತಿತ್ತು. ಬಾಯಾರಿದ್ದರೂ ನಾನಾಗಿ ಕೊಡುವವರೆಗೆ ಕಾಯುತ್ತಿದ್ದರು. ಒಳ್ಳೆಯ ಅತ್ತೆ, ಒಂದು ಗೊಣಗಾಟವಿಲ್ಲ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ನಾನು ಅವರನ್ನು ಚೆನ್ನಾಗಿಯೇ ನೋಡಿಕೊಂಡೆ, ಒಂದು ದಿನವೂ ಕಡಿಮೆ ಮಾಡಲಿಲ್ಲ. ಆ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಇರುವಾಗಲೇ ಒಂದು ಬೆಳಿಗ್ಗೆ ಅವರು ಹೋದರು.

ಶಿವಗಣಾರಾಧನೆ ಮುಗಿದು ತಿಂಗಳಾಗಿರಬೇಕು. ಮಗಳು ಆಗ ಇಂಜಿನಿಯರಿಂಗ್ ಮೊದಲ ವರ್ಷ. ಕ್ಲಾಸಿನವರೆಲ್ಲ ಸ್ವಂತ ಜೋಡಿಸುತ್ತಿದ್ದಾರೆ, ನಾವಿಬ್ಬರೂ ಸೇರಿ ಒಂದು ಕಂಪ್ಯೂಟರ್ ಕಟ್ಟೋಣ ಬಾಪ್ಪಾ ಎಂದು ಅಪ್ಪನನ್ನು ಪೀಡಿಸಿದಳು. ಇವರು ಬೇಡ ಎಂದರು. ಅವಳು ಬಿಡಲಿಲ್ಲ.

"ರೆಡಿಮೇಡ್ ತಗೋ ಮಗಳೇ," ಎಂದರು. "ನಿಮ್ಮಮ್ಮನ ಕೆಲಸ ಹಾಳು ಮಾಡಿದ ಕೈ ಇದು. ನಿಂದೂ ಹಾಳು ಮಾಡ್ಲಾ?"

ಅವಳು ಮುಖ ಊದಿಸಿಕೊಂಡು ಕಾಲೇಜಿಗೆ ಹೋದಳು. ಇವರು ಅಡುಗೆಮನೆಗೆ ಬಂದು ಮಾತ್ರೆ ನುಂಗಲು ನೀರು ಕೇಳಿದರು. ನಾನು ಲೋಟ ಕೊಡುವ ಬದಲು ಹೇಳಿಬಿಟ್ಟೆ. ವಿಭೂತಿ, ನೀರು, ಸೆರಗು, ಹೇರ್‌ಪಿನ್ನು, ಎಲ್ಲ. ಹೇಳುವಾಗ ಅವರ ಮುಖ ನೋಡಲಾಗದೆ ಸಿಂಕಿನ ಕಡೆ ತಿರುಗಿ ನಿಂತಿದ್ದೆ. ಬೈಯಲಿ, ಹೊಡೆಯಲಿ, ಐದು ವರ್ಷದ ನಿದ್ದೆಯನ್ನು ಕೇಳಲಿ ಎಂದು ಕಾದೆ.

"ವಿಭೂತಿನಾ?" ಎಂದರು.

ತಿರುಗಿ ನೋಡಿದೆ. ಗೋಡೆಗೆ ಒರಗಿ ನಗುತ್ತಿದ್ದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ ನೋಡಿಕೊಂಡರು. "ನಂದಲ್ವಾ ತಪ್ಪು? ನಾನು ಸರಿಯಾಗೇ ಕಟ್ಟಿದ್ನಾ?" ಎಂದು ಕೇಳಿದರು. ಸರಿಯಾಗಿ ಕಟ್ಟಿದ್ರಿ ಎಂದೆ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹೇಳಿದೆ.

ಕಣ್ಣು ಒರೆಸಿಕೊಂಡು, "ಅವ್ವಂಗೆ ಗೊತ್ತಿತ್ತಾ?" ಎಂದರು.

"ಎದುರಿಗೇ ಇದ್ರು."

"ನೋಡಿದ್ಯಾ!" ಎಂದರು, ಮುಖವೆಲ್ಲ ಅರಳಿತು. "ಐದು ವರ್ಷ ಹಗಲೆಲ್ಲಾ ನಾನು, ಅವ್ವ, ಇಬ್ರೇ. ಏನೇನೋ ಮಾತಾಡ್ತಿದ್ವಿ. ಇದೊಂದು ಬಾಯಿ ಬಿಡ್ಲಿಲ್ಲ ನೋಡು. ಸೊಸೆ ಮರ್ಯಾದೆ ಹೋಗ್ಬಾರ್ದು ಅಂತ ನುಂಗ್ಕೊಂಡು ಹೋದ್ಲು. ನಿನ್ನ ಮೇಲೆ ಅಷ್ಟು ಜೀವ ಇಟ್ಕೊಂಡಿದ್ಲು ಕಣೇ. ಅಲ್ವಾ?"

ಹೌದು ಎಂದೆ.